ಮುಖ ಬಲ್ಲ ಕಾವಲುಗಾರ

…ಅಲ್ಲ, ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ. ಈ ಕಡೆ ಬಾ, ಕಿಟಕಿಗೆ ಬೆನ್ನು ಹಾಕಿ ಕೂತ್ಕೋ. ಹಾಂ. ಮಾತಾಡಬೇಡ. ಗಂಟಲು ಪೂರ್ತಿ ಕೂತುಬಿಟ್ಟಿದೆ ಅಂತ ಬೆಳಿಗ್ಗೆ ನಿಮ್ಮಮ್ಮ ಹೇಳಿದಳು. ಶಾಲೆಯಲ್ಲಿ ಆ ಮಕ್ಕಳ ಮುಂದೆ ದಿನವಿಡೀ ಕಿರುಚಿಕೊಂಡರೆ ಇನ್ನೇನಾಗುತ್ತೆ? ನಿನಗೆ ಗುಬ್ಬಿ ಅಂತ ಹೆಸರು ಬಿದ್ದಿದ್ದೇ ಬಾಯಿ ಮುಚ್ಚಲ್ಲ ಅಂತ. ಈಗ ನೋಡು, ಮೂಕ ಗುಬ್ಬಿ. ಪರವಾಗಿಲ್ಲ, ನನಗೂ ಅಡ್ಡಮಾತಿಲ್ಲದೆ ಹೇಳಬೇಕಾದ್ದು ಬಹಳ ಇದೆ. ಹೌದು ಅಂದ್ರೆ ತಲೆ ಆಡಿಸು. ಅಲ್ಲ ಅಂದ್ರೆ ಸುಮ್ಮನಿರು. ಅಷ್ಟೇ ನಿಯಮ.

ಅದೇನು, ಕೂರೋಕೆ ಹೋದವಳು ಹಾಗೇ ನಿಂತುಬಿಟ್ಟೆ? ಕೂತ್ಕೋ ಮಾರಾಯ್ತಿ. ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡೇ ಮನೆಯೆಲ್ಲ ಓಡಾಡ್ತೀಯ, ಮೇಲೆ ಆ ಹಸಿರು ಸ್ವೆಟರ್ ಬೇರೆ. ತಲೆ ಒದ್ದೆ, ಮೈ ಬೆಚ್ಚಗೆ. ನೆಗಡಿಗೆ ಮನೆ ಕಟ್ಟಿಕೊಟ್ಟ ಹಾಗೆ.

ನಿಮ್ಮಮ್ಮ ಹೊರಗೆ ಹೋದಳು. ಔಷಧಿ ಅಂಗಡಿಗಿರಬೇಕು, ನಿನ್ನ ಮಾತ್ರೆಗೆ. ಈಗಷ್ಟೇ ಬಾಗಿಲು ಹಾಕಿದ ಸದ್ದಾಯ್ತು. ಒಳ್ಳೇದೇ ಆಯ್ತು. ಅವಳಿದ್ದಿದ್ದರೆ, ಭಾನುವಾರ ಮಧ್ಯಾಹ್ನವೂ ಆಫೀಸಾ ಅಂತ ಶುರು ಮಾಡ್ತಿದ್ದಳು.

ಆಫೀಸೇ. ನಾಳೆ ಮೀಟಿಂಗು. ಪತ್ರಿಕೆಯ ಚಿತ್ರಭಂಡಾರಕ್ಕೆ ಯಾವ ಸಾಫ್ಟ್‌ವೇರ್ ತಗೋಬೇಕು ಅಂತ ನಾನು ಹೇಳಬೇಕು. ನಾನೊಬ್ಬನೇ. "ಚಿತ್ರದ ವಿಷಯದಲ್ಲಿ ನೀವು ಹೇಳಿದ್ದೇ ಕೊನೆ ಮಾತು ಸಾರ್" ಅಂತ ಸಂಪಾದಕರು ಎಲ್ಲರ ಎದುರಿಗೆ ಹೇಳಿದ್ದಾರೆ. ಸುಮ್ಮನೆ ಹೇಳಿದ್ದಲ್ಲ. ನನ್ನ ಅರ್ಧ ಆಯುಸ್ಸು ಆ ಕೋಣೆಯಲ್ಲಿ ಕಳೆದಿದೆ. ಯಾವ ಗುಂಪುಚಿತ್ರ ತಂದು ಮುಂದಿಟ್ಟರೂ ಎಡದಿಂದ ಮೂರನೆಯವರು ಯಾರು, ಹಿಂದಿನ ಸಾಲಿನಲ್ಲಿ ಯಾರದೋ ಹೆಗಲ ಮೇಲೆ ಅರ್ಧ ಮುಖ ಕಾಣಿಸ್ತಿದೆಯಲ್ಲ ಅದು ಯಾರು, ಇವರು ಅವರಿಗೆ ಷಡ್ಡಕ, ಇವರು ಆಗಿನ್ನೂ ಗಡ್ಡ ಬಿಟ್ಟಿರಲಿಲ್ಲ — ಗಡಿಯಾರ ನೋಡಿ ಟೈಮ್ ಹೇಳಿದ ಹಾಗೆ ಹೇಳ್ತಿದ್ದೆ. ಹೇಳ್ತೀನಿ. ಹೇಳ್ತಿದ್ದೆ ಅಂದೆನಾ? ಬಾಯಿ ತಪ್ಪಿ ಬಂತು.

ಸರಿ, ಇಲ್ಲಿ ನೋಡು. ಸ್ಕ್ರೀನ್ ನೋಡು, ನನ್ನ ಮುಖ ಯಾಕೆ ನೋಡ್ತೀಯಾ? ನನ್ನ ಮುಖದಲ್ಲೇನಿದೆ?

ಮೂರು ಸಾಫ್ಟ್‌ವೇರ್ ಹಾಕಿದ್ದೀನಿ, ಮೂರೂ ಪರೀಕ್ಷೆಗೆ. ಆಫೀಸಿನ ಚಿತ್ರಗಳನ್ನ ಮನೆಗೆ ತರೋ ಹಾಗಿಲ್ಲ. ಆ ನಿಯಮ ಮಾಡಿದವನೇ ನಾನು. ಅದಕ್ಕೆ ಮನೆಯ ಫೋಟೋಗಳನ್ನೇ ತುಂಬಿದ್ದೀನಿ. ನಮ್ಮ ಮದುವೆ ಆಲ್ಬಮ್ಮಿಂದ ಹಿಡಿದು ಮೊನ್ನೆ ನಿನ್ನ ಶಾಲೆಯ ವಾರ್ಷಿಕೋತ್ಸವದ ತನಕ. ಹಳೆಯದನ್ನೆಲ್ಲ ಸ್ಕ್ಯಾನ್ ಮಾಡಿದ್ದು ನಾನೇ, ಬೆರಳಚ್ಚು ಬೀಳಬಾರದು ಅಂತ ಕೈಗವಸು ಹಾಕ್ಕೊಂಡು. ಕಳ್ಳ ಕನ್ನ ಹಾಕೋಕೆ ಹೊರಟ ಹಾಗಿದೆ ಅಂತ ನಿಮ್ಮಮ್ಮ ನಕ್ಕಿದ್ದಳಲ್ಲ, ಆಗ.

ಇದು ಮೊದಲನೆಯದು. ಇದಕ್ಕೆ ನಾನು ಬೀರು ಅಂತ ಹೆಸರಿಟ್ಟಿದ್ದೀನಿ. ಫೋಲ್ಡರ್ ಒಳಗೆ ಫೋಲ್ಡರ್, ಅದರೊಳಗೆ ಇನ್ನೊಂದು. ಇಟ್ಟವನಿಗೆ ಎಲ್ಲಿಟ್ಟೆ ಅನ್ನೋದು ನೆನಪಿದ್ದರೆ ಸಿಗುತ್ತೆ, ಇಲ್ಲದಿದ್ದರೆ ಇಲ್ಲ. ಇಷ್ಟು ವರ್ಷ ಆಫೀಸಿನಲ್ಲಿದ್ದಿದ್ದು ಇಂಥದ್ದೇ. ಬೀರು ನಡೀತಿದ್ದಿದ್ದು ಬೀರುವಿಂದಲ್ಲ, ಬೀಗದ ಕೈ ನನ್ನ ತಲೆಯಲ್ಲಿತ್ತು ಅದಕ್ಕೆ.

ಎರಡನೆಯದು ಗುಮಾಸ್ತ. ಒಂದು ಚಿತ್ರ ಕೊಟ್ಟರೆ ಹತ್ತು ಪ್ರಶ್ನೆ. ಯಾರು, ಎಲ್ಲಿ, ಯಾವಾಗ, ತೆಗೆದವರು ಯಾರು, ಹಕ್ಕು ಯಾರದು. ಎಲ್ಲಾ ತುಂಬಿಸಿದ ಮೇಲೇ ಒಳಗೆ ಬಿಡೋದು. ಕೆಟ್ಟದ್ದಲ್ಲ. ಮೊದಲಾಗಿದ್ದರೆ ನಾನು ಕಣ್ಣು ಮುಚ್ಚಿಕೊಂಡು ಇದನ್ನೇ ಆರಿಸ್ತಿದ್ದೆ. ತುಂಬಿದ ಮಾಹಿತಿಯನ್ನೆಲ್ಲ ಚಿತ್ರದ ಫೈಲಿನೊಳಗೇ ಬರೆದಿಡುತ್ತೆ. ನಾಳೆ ಸಾಫ್ಟ್‌ವೇರ್ ಕಂಪನಿ ಬಾಗಿಲು ಹಾಕಿದರೂ ಹೆಸರು ಚಿತ್ರದ ಜೊತೆಗೇ ಹೋಗುತ್ತೆ. ನಾವು ಹಿಂದೆ ಫೋಟೋ ಬೆನ್ನಿಗೆ ಪೆನ್ಸಿಲಿನಲ್ಲಿ ಬರೀತಿದ್ದೆವಲ್ಲ, ಅದೇ ರೀತಿ. ಪೆನ್ನಲ್ಲ, ಪೆನ್ಸಿಲು. ಶಾಯಿ ಮುಂದಕ್ಕೆ ಇಳಿದುಬಿಡುತ್ತೆ. ಹೆಸರಿಲ್ಲದ ಚಿತ್ರ ವಾರಸುದಾರರಿಲ್ಲದ ಹೆಣಕ್ಕೆ ಸಮ ಅಂತ ಹೊಸಬರಿಗೆಲ್ಲ ಹೇಳಿಕೊಟ್ಟವನು ನಾನು.

ಆದರೆ ಗುಮಾಸ್ತನ ತೊಂದರೆ ಏನಪ್ಪಾ ಅಂದ್ರೆ, "ಯಾರು" ಅಂತ ಅವನು ನಮ್ಮನ್ನ ಕೇಳ್ತಾನೆ.

ಇದು, ಇದು ಮೂರನೆಯದು. ಕಾವಲುಗಾರ. ಗೇಟಿನಲ್ಲಿ ಕೂತಿರ್ತಾರಲ್ಲ, ಒಂದು ಸಲ ನೋಡಿದ ಮುಖ ಮರೆಯದೋರು… ಅಂಥದ್ದು. ತಾನೇ ಎಲ್ಲ ಚಿತ್ರ ಜಾಲಾಡಿ ಮುಖ ಆರಿಸಿ, ಒಬ್ಬೊಬ್ಬರದನ್ನ ಒಂದೊಂದು ಕಡೆ ಗುಡ್ಡೆ ಹಾಕುತ್ತೆ. ನಾವು ಒಂದೇ ಸಲ ಹೆಸರು ಹೇಳಿಕೊಟ್ಟರೆ ಸಾಕು, ಆಮೇಲೆ ಎಲ್ಲಿ ಕಂಡರೂ ಅದೇ ಹೇಳುತ್ತೆ. ಕನ್ನಡಕ ಹಾಕಿರಲಿ, ಕೂದಲು ಉದುರಿರಲಿ, ಮಗುವಾಗಿರಲಿ, ಮುದುಕನಾಗಿರಲಿ.

ಯಾಕೆ ನಗ್ತಿದೀಯಾ? …ಓ, ನಗು ಅಲ್ವಾ. ಕೆಮ್ಮು. ನೀರು ಕುಡಿ, ಅಲ್ಲೇ ಇದೆ.

ಗೊತ್ತು, ನೀನೇನು ಅಂದ್ಕೊಳ್ತಿದೀಯ ಅಂತ. ಇಂಥದ್ದನ್ನ ಊಟದ ಮೇಜಿನಲ್ಲೇ ಬೈದವನು ನಾನು. "ಮುಖ ಗುರುತಿಸೋದು ಮನುಷ್ಯರ ಕೆಲಸ, ಯಂತ್ರ ಮಾಡೋದು ಅಳತೆ" ಅಂದಿದ್ದೆ. ಕಣ್ಣಿಗೂ ಕಣ್ಣಿಗೂ ಎಷ್ಟು ದೂರ, ಮೂಗು ಎಷ್ಟು ಉದ್ದ ಅಂತ ದರ್ಜಿ ಹಾಗೆ ಟೇಪು ಹಿಡಿಯೋದು ಗುರುತಾ ಅಂತ. ನೀನು ಹಳೇ ಕಾಲದೋರು ಅಂತ ಛೇಡಿಸಿದ್ದೆ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಬದಲಾಗಬಾರದಾ? ಸಾಕ್ಷಿ ಸಿಕ್ಕಮೇಲೂ ಹಟ ಹಿಡಿಯೋದು ತತ್ವ ಅಲ್ಲ, ಕತ್ತೆತನ.

ಸಾಕ್ಷಿ ಏನು ಅಂತೀಯಾ? ನಾನು ಇನ್ನೆಷ್ಟು ದಿನ ಇರ್ತೀನಿ ಆ ಕೋಣೆಯಲ್ಲಿ? ನಿವೃತ್ತಿ ಹತ್ತಿರ ಬಂತು. ನನ್ನ ಜೊತೆಗೇ ಆ ಹೆಸರುಗಳೂ ಹೋಗಿಬಿಟ್ಟರೆ? ಅದಕ್ಕೆ ಯಂತ್ರಕ್ಕೆ ಕಲಿಸಿಟ್ಟು ಹೋಗಬೇಕು. ಮೀಟಿಂಗಿನಲ್ಲೂ ಇದನ್ನೇ ಹೇಳೋದು. ಸರಿಯಾಗಿದೆ ತಾನೆ, ಕಾರಣ?

…ಸುಮ್ಮನಿದೀಯಾ. ಸರಿಯಾಗಿಲ್ಲ ಅಂತ. ಏನು ಸರಿಯಾಗಿಲ್ಲ?

ಇರು, ಇದರ ದೋಷವನ್ನೂ ಹೇಳ್ತೀನಿ, ನಾನೇನು ಏಜೆಂಟಲ್ಲ. ಒಂದು, ಇದಕ್ಕೆ ತಾರೀಖು ತಿಳಿಯಲ್ಲ. ಸ್ಕ್ಯಾನ್ ಮಾಡಿದ ದಿನವನ್ನೇ ತೆಗೆದ ದಿನ ಅಂದ್ಕೊಳ್ಳುತ್ತೆ. ಇದರ ಪ್ರಕಾರ ನಿನ್ನ ಮುತ್ತಜ್ಜ, ನಿನ್ನ ನಾಮಕರಣ, ನಮ್ಮ ಮದುವೆ ಎಲ್ಲಾ ಕಳೆದ ಚಳಿಗಾಲದ ಒಂದು ಭಾನುವಾರ ಆಗಿದ್ದು. ಒಂದೇ ದಿನ ಅಷ್ಟು ಕೆಲಸ ಮಾಡಿದ ಮನೆತನ ಇನ್ನೊಂದಿಲ್ಲ. ಅದನ್ನ ಕೂತು ತಿದ್ದಬಹುದು.

ಎರಡನೆಯ ದೋಷ ನೋಡು, ಈ ಗೋಲಗಳು. ಇದೇ ನನಗೆ ಹಿಡಿಸದೇ ಇರೋದು. ಒಬ್ಬೊಬ್ಬರ ಮುಖವನ್ನೂ ಕತ್ತರಿಸಿ ಬಿಲ್ಲೆ ಹಾಗೆ ಗೋಲ ಮಾಡಿ ಸಾಲಾಗಿ ಇಡುತ್ತೆ. ಕೆಳಗೆ, "ಇದು ಯಾರು?" ಬಟ್ಟೆ ಇಲ್ಲ. ಕೈ ಇಲ್ಲ. ನಿಂತ ಭಂಗಿ ಇಲ್ಲ, ಪಕ್ಕದಲ್ಲಿ ಯಾರಿದ್ದರು ಅನ್ನೋದಿಲ್ಲ, ಹಿಂದಿನ ಗೋಡೆ ಇಲ್ಲ. ಬರೀ ಮುಖ. ಬರೀ ಮುಖ ಕೊಟ್ಟು ಯಾರು ಅಂದ್ರೆ ಯಾರು ತಾನೇ ಹೇಳ್ತಾರೆ?

ಏನು, ಹುಬ್ಬು ಮೇಲೆ ಹೋಯ್ತು? ಎಲ್ಲರೂ ಹೇಳ್ತಾರೆ ಅಂತಾನಾ?

ಹೇಳಬಹುದು. ಹೇಳ್ತಾರೆ. ನಾನು ಹೇಳಿದ್ದು ಅದಲ್ಲ. ನಾನು ಹೇಳಿದ್ದು ಶಿಸ್ತಿನ ಮಾತು. ನಿಮ್ಮಮ್ಮನ್ನೇ ತಗೋ. ಇಷ್ಟು ಚಿತ್ರದಲ್ಲಿ ಎಲ್ಲೇ ಇದ್ದರೂ ನಾನು ಅರೆಗಳಿಗೆಯಲ್ಲಿ ಹುಡುಕಿ ತೋರಿಸ್ತೀನಿ. ಹೇಗೆ ಹೇಳು? ಬಲಗೈ ಕಿರುಬೆರಳು. ನೀನು ಹುಟ್ಟೋ ಮೊದಲು ಕಾರಿನ ಬಾಗಿಲ ಸಂದಿಗೆ ಸಿಕ್ಕು ಡೊಂಕಾಗಿದ್ದು, ಆಚೆಗೆ ತಿರುಗಿದೆ ನೋಡು ಕೊಡೆಯ ಹಿಡಿ ಹಾಗೆ. ಈ ಚಿತ್ರದಲ್ಲಿ ಕಪ್ ಹಿಡಿದಿದಾಳಲ್ಲ, ಬೆರಳು ಕಾಣಿಸ್ತಾ? ನಿಮ್ಮಮ್ಮ. ಇದರಲ್ಲಿ ನಿನ್ನನ್ನ ಎತ್ತಿಕೊಂಡಿರೋದು? ಬೆರಳು ನೋಡು. ನಿಮ್ಮಮ್ಮ. ಕಾವಲುಗಾರನಿಗೆ ಈ ಬೆರಳೇ ಕಾಣಲ್ಲ. ಅವನಿಗೆ ಮುಖ ಬಿಟ್ಟರೆ ಬೇರೆ ಗತಿಯಿಲ್ಲ. ನನಗೆ… ನನಗೆ ಬೇರೆ ದಾರಿಗಳೂ ಇವೆ ಅಂದೆ.

ಯಾಕೆ ಕೈ ಸ್ವೆಟರ್ ಒಳಗೆ ಎಳ್ಕೊಂಡೆ? ಚಳಿಯಾ? ಕಿಟಕಿ ಹಾಕಲಾ? ಬೇಡವಾ. ಸರಿ.

ನಿಮ್ಮಮ್ಮನ ಸಿಟ್ಟು ಇನ್ನೂ ಇಳಿದಿಲ್ಲ ಅಂತ ಕಾಣುತ್ತೆ. ಬಸ್ ಸ್ಟಾಪಿನ ವಿಷಯ ನಿನಗೆ ಹೇಳಿರಬೇಕು, ಹೇಳದೇ ಬಿಡ್ತಾಳಾ. ಹೋದ ವಾರ ನಾನು ಇಳಿದು ಬರ್ತಿದ್ದೆ, ಅವಳು ಎದುರಿಗೇ ನಿಂತಿದ್ದಳಂತೆ, ಕೈ ಬೇರೆ ಎತ್ತಿದಳಂತೆ. ನಾನು ನೋಡಿ, ನೋಡಿಯೂ, ಪಕ್ಕದಲ್ಲೇ ಹಾದು ಹೋದೆನಂತೆ. ಮನೆಗೆ ಬಂದು ಎರಡು ದಿನ ಮಾತಿಲ್ಲ. ಆಮೇಲೆ "ನನ್ನನ್ನ ಕಂಡರೆ ನಾಚಿಕೆಯಾಗುತ್ತಾ ರೀ?" ಅಂತ ಕೇಳಿದಳು. ಏನೋ ಯೋಚನೆಯಲ್ಲಿದ್ದೆ ಅಂದೆ. ನಂಬಿದಳು. ಗಂಟುಮುಖದವನಿಗೆ ಅದೊಂದು ಅನುಕೂಲ, ಗುಬ್ಬಿ. ಜನ್ಮವಿಡೀ ಬಿಗಿದುಕೊಂಡೇ ಇದ್ದವನು ಎದುರು ಸಿಕ್ಕಾಗ ನಗದಿದ್ದರೆ ಯಾರಿಗೂ ಆಶ್ಚರ್ಯವಿಲ್ಲ. ಸಾಹೇಬರು ಯೋಚನೆಯಲ್ಲಿದ್ದಾರೆ ಅಂದ್ಕೊಳ್ತಾರೆ. ಆಫೀಸಿನಲ್ಲೂ ಅಷ್ಟೇ. ಮಾತಾಡಿಸಿದರೆ ಮಾತಾಡ್ತೀನಿ, ಮೊದಲು ಅವರು ಮಾತಾಡಲಿ. ದನಿ ಕೇಳಿದ ಮೇಲೆ ಎಲ್ಲಾ ಸರಿಹೋಗುತ್ತೆ.

ಎಲ್ಲಾ ಅಂದ್ರೆ… ಏನಿಲ್ಲ. ಮುಂದೆ ನೋಡು.

ಹೌದು, ಸಿಟ್ಟಾಗುತ್ತೆ ಅವಳಿಗೆ, ನನಗೂ ಗೊತ್ತಾಗುತ್ತೆ. ಆದರೆ ಅವಳ ಹತ್ತಿರ ಹೇಳೋ ಹಾಗಿಲ್ಲ. ಏನು ಅಂತ ಕೇಳಬೇಡ. ಅವಳದ್ದು ಹೆದರೋ ಜೀವ. ಒಂದು ಹೇಳಿದರೆ ಹತ್ತು ಊಹಿಸಿಕೊಂಡು ಕೂತಲ್ಲೇ ಕರಗಿ ಹೋಗ್ತಾಳೆ. ಆ ಬೆಳಿಗ್ಗೆ ನನಗೆ ತಲೆ ಸುತ್ತಿ ಬಚ್ಚಲುಮನೆಯಲ್ಲಿ ಕೂತುಬಿಟ್ಟಿದ್ದೆನಲ್ಲ, ಆಗ ನೋಡಬೇಕಿತ್ತು ಅವಳನ್ನ. ಆಸ್ಪತ್ರೆಯಲ್ಲಿ ಒಳಗೆ ನಾನೊಬ್ಬನೇ ಹೋದೆ. ಏನೂ ಇಲ್ಲ, ನಿಶ್ಶಕ್ತಿ ಅಂತ ಡಾಕ್ಟರು ಹೇಳಿದ್ರು ಅಂತ ಹೊರಗೆ ಬಂದು ನಾನೇ ಹೇಳಿದೆ. ಅವತ್ತೇ ಮುಗೀತು ಆ ಮಾತು.

ಏನದು, ಸ್ವೆಟರ್ ತೋಳಿನಿಂದ ಕಣ್ಣು ಒರೆಸ್ಕೊಳ್ತಿದೀಯಾ? ಗುಬ್ಬಿ, ಜ್ವರ ಬಂತೇನು? ಸ್ವಲ್ಪ ತಾಳು, ಮುಗಿಸಿಬಿಡೋಣ.

ಇನ್ನೊಂದು ವಿಷಯ ಇದೆ, ಅದಕ್ಕೇ ನಾಳೆ ಈ ಮೂರನೆಯದೇ ಆಗಬೇಕು. ನಿನಗೆ ಅಡಿಬರಹದವರು ಗೊತ್ತಲ್ಲ, ನನ್ನೆದುರು ಮೇಜಿನವರು, ಚಿತ್ರದ ಕೆಳಗಿನ ಎರಡು ಸಾಲು ಬರೆಯೋರು. ನೀನು ಚಿಕ್ಕವಳಿದ್ದಾಗ ನಿನಗೆ ಖಾಲಿ ಫಿಲ್ಮ್ ಡಬ್ಬಿ ಕೊಡ್ತಿದ್ದರು, ಒಳಗೆ ಕಲ್ಲು ಹಾಕಿ ಗಿಲಕಿ ಮಾಡ್ಕೊಳ್ತಿದ್ದೆ. ಅವರನ್ನ ಜಾಹೀರಾತಿನ ಕಡೆಗೆ ಹಾಕಿದ್ದಾರೆ. ಈಗ ಮಾರಾಟಕ್ಕಿರೋ ಹಳೇ ಫ್ರಿಜ್ಜಿನ ಬಗ್ಗೆ ಎರಡು ಸಾಲು ಬರೀತಾರೆ. ಯಾಕೆ ಅಂದ್ರೆ, ಒಬ್ಬ ಹಳೆಯ ಫುಟ್‌ಬಾಲ್ ಆಟಗಾರ ತೀರಿಕೊಂಡರು. ಅವರ ಚಿತ್ರದ ಬದಲು ಅದೇ ತಂಡದ ಇನ್ನೊಬ್ಬರ ಚಿತ್ರ ಹೋಯ್ತು, ನಿಧನವಾರ್ತೆಯಲ್ಲಿ, ಮೊದಲ ಪುಟದಲ್ಲಿ. ಬದುಕಿದ್ದ ಆ ಇನ್ನೊಬ್ಬರು ಬೆಳಿಗ್ಗೆ ಫೋನ್ ಮಾಡಿದ್ರು. "ಈಗಷ್ಟೇ ಪೇಪರ್ ತೆಗೆದೆ ಸ್ವಾಮಿ, ನಾನು ಸತ್ತಿದ್ದೀನಂತೆ. ತಿಂಡಿ ತಿನ್ನಬಹುದೋ ಬೇಡವೋ ಅಂತ ಕೇಳೋಕೆ ಮಾಡಿದೆ" ಅಂದ್ರು. ಸಂಪಾದಕರು ನಗಲಿಲ್ಲ.

ತಂಡದ ಗುಂಪುಚಿತ್ರ ನನ್ನ ಮೇಜಿಗೆ ಬಂದಿತ್ತು. ಎಲ್ಲರದ್ದೂ ಒಂದೇ ಬಟ್ಟೆ, ನೋಡು. ಒಂದೇ ಅಂಗಿ, ಒಂದೇ ಚಡ್ಡಿ, ಕೈಕಟ್ಟಿ ಒಂದೇ ಥರ ನಿಂತಿದ್ದಾರೆ. ಅಡಿಬರಹದವರು ಬಂದು "ಎಡದಿಂದ ಎರಡನೆಯವರು ತಾನೆ ಸಾರ್?" ಅಂತ ಕೇಳಿದ್ರು. ಹೂಂ ಅಂದೆ. ಅವರು ಅಷ್ಟು ಖಚಿತವಾಗಿ ಕೇಳಿದ್ರು… ಹೂಂ ಅನ್ನೋದು ಬಿಟ್ಟು…

ಹಾಗೆ ಮುಖ ತಿರುಗಿಸಬೇಡ. ನಾನು ಸುಳ್ಳು ಹೇಳಿಲ್ಲ. ಹಳೆಯ ವ್ಯವಸ್ಥೆಯ ದೋಷ ಅಂತ ಬರೆದುಕೊಟ್ಟೆ. ಬೀರುವಿನ ದೋಷ. ಫೋಲ್ಡರಿನಲ್ಲಿ ಹೆಸರಿರಲಿಲ್ಲ, ಅದು ನಿಜ ತಾನೆ? ಅದಕ್ಕೆ ಅವರನ್ನ ಎತ್ತಿ ಬೇರೆ ಕಡೆ ಹಾಕಿಬಿಡ್ತಾರೆ ಅಂತ ನನಗೇನು ಗೊತ್ತು. ಹೋಗುವಾಗ ಮೇಜಿನ ಡ್ರಾಯರ್ ಖಾಲಿ ಮಾಡ್ತಾ, "ನೀವು ಹೂಂ ಅಂದ್ರಿ ಅಂತ ನಾನೆಲ್ಲೂ ಹೇಳಿಲ್ಲ ಸಾರ್. ನೀವು ತಪ್ಪು ಹೇಳೋದುಂಟಾ, ನನಗೇ ಸರಿಯಾಗಿ ಕೇಳಿಸಿರಲಿಕ್ಕಿಲ್ಲ" ಅಂದ್ರು. ಹಾಗಂದ್ರು ಗುಬ್ಬಿ. ಅವರ ಕಿವಿಯನ್ನೇ ಅನುಮಾನಿಸಿಕೊಂಡ್ರು, ನನ್ನ ಕಣ್ಣನ್ನಲ್ಲ. ನಾನು ಅವರ ಎದುರಿಗೇ ಇದ್ದೆ. ಯಾರಾದರೂ ಕೇಳಿದ್ದರೆ ಹೇಳ್ತಿದ್ದೆ. ಯಾರೂ ಕೇಳಲಿಲ್ಲ.

ಈ ಕಾವಲುಗಾರ ಬಂದುಬಿಟ್ಟರೆ ಆ ಪ್ರಶ್ನೆಯೇ ಬರಲ್ಲ. ಗುಂಪುಚಿತ್ರ ಬಂತು, ಒಳಗೆ ಹಾಕಿದೆ, ಹೆಸರು ಬಂತು, ಕೊಟ್ಟೆ. ನನ್ನನ್ನ ಯಾರೂ "ಇದು ಯಾರು ಸಾರ್" ಅನ್ನಲ್ಲ. ಸ್ವಲ್ಪ ದಿನ ಬಿಟ್ಟು ಅಡಿಬರಹದವರನ್ನ ವಾಪಸ್ ಕರೆಸಿ ಅಂತ ನಾನೇ ಹೇಳ್ತೀನಿ. ಎಲ್ಲಾ ಮೊದಲಿನ ಹಾಗೆ. ಆಗುತ್ತೆ ತಾನೆ?

…ಸರಿ, ಸುಮ್ಮನಿರು.

ಈಗ ನಿನ್ನ ಕೆಲಸ. ಕರೆದಿದ್ದು ಇದಕ್ಕೇ. ಪರೀಕ್ಷೆ ಸರಿಯಾಗಿ ಆಗಬೇಕಾದರೆ, ಪರೀಕ್ಷೆ ಮಾಡೋನೇ ಉತ್ತರವನ್ನೂ ಬರೀಬಾರದು. ಇನ್ನೊಬ್ಬರು ಬರೀಬೇಕು. ಈ ಗೋಲಗಳಿಗೆಲ್ಲ ನೀನು ಹೆಸರು ಟೈಪ್ ಮಾಡು, ಒಂದೊಂದು ಸಲ. ಚಿಕ್ಕಪ್ಪ, ಅತ್ತೆ, ಮೇಲಿನ ಮನೆಯವರು, ಎಲ್ಲಾ. ಒಂದನ್ನೂ ಬಿಡಬೇಡ. ಇದರಲ್ಲಿ ಫೋನಿಗೂ ಹಾಕ್ಕೊಳ್ಳೋ ಸೌಕರ್ಯ ಇದೆ: ಕ್ಯಾಮೆರಾ ಹೀಗೆ ಎದುರಿಗೆ ಹಿಡಿದರೆ ಸಾಕು, ಯಾರು ಅಂತ… ಅದು ಆಫೀಸಿಗೆ ಬೇಕಾಗಿದ್ದಲ್ಲ. ಇದೆ ಅಂತ ಹೇಳಿದೆ ಅಷ್ಟೇ.

ಮಾಡು. ಮಾಡಲ್ವಾ? ಸುಸ್ತಾಯ್ತಾ? ಒಂದಾದರೂ ಮಾಡು. ಇಲ್ಲಿ, ಇದು ತಮಾಷೆಯಾಗಿದೆ ನೋಡು, ಇದನ್ನ ನೋಡಿದರೆ ನೀನೂ ನಗ್ತೀಯಾ. ಎರಡು ಗೋಲ ಪಕ್ಕಪಕ್ಕ ಇಟ್ಟು ಕೇಳ್ತಿದೆ: "ಇವರಿಬ್ಬರೂ ಒಬ್ಬರೇನಾ?" ಒಂದು ಕಪ್ಪುಬಿಳುಪು, ಒಂದು ಬಣ್ಣದ್ದು. ಕಪ್ಪುಬಿಳುಪಿನ ಕಾಲಕ್ಕೆ ನೀನು ಹುಟ್ಟೇ ಇರಲಿಲ್ಲ, ಹಾಗಾಗಿ ಅದು ನಿಮ್ಮಮ್ಮ. ಬಣ್ಣದ್ದರ ಪೂರ್ತಿ ಚಿತ್ರ ತೆಗೆದು ನೋಡಿದೆ, ಕತ್ತಿನಲ್ಲಿ ಶಾಲೆಯ ಗುರುತಿನ ಕಾರ್ಡು ನೇತಾಡ್ತಿದೆ, ಹಾಗಾಗಿ ಅದು ನೀನು. ಇಷ್ಟು ತರ್ಕ ಬೇಡವಾ ಅದಕ್ಕೆ? ತಾಯಿ ಯಾರು ಮಗಳು ಯಾರು ತಿಳಿಯದ ಕಾವಲುಗಾರನನ್ನ ಕಟ್ಟಿಕೊಂಡು…

ನಗು ಬರಲಿಲ್ವಾ.

ಇಲ್ಲಿ, ಇದರ ಕೆಳಗೆ ನಿನ್ನ ಹೆಸರು ಹಾಕು. ಆ ಇನ್ನೊಂದಕ್ಕೆ ನಾನು ಆಗಲೇ ಹಾಕಿದೆ, ಅವಳದ್ದು. ಏನಂತ ಹಾಕಿದೆ ಗೊತ್ತಾ? "ಇವಳು" ಅಂತ. ಒಂದು ದಿನವಾದರೂ ಹೆಸರು ಹಿಡಿದು ಕರೆದವನಾ ನಾನು. ಕೈ ಅದನ್ನೇ ಟೈಪ್ ಮಾಡ್ತು. ಇಂಥ ಕಡೆ ಕೂಡ. ಅವಳಿಗೆ ಹೇಳಬೇಡ, ಆಡಿಕೊಳ್ತಾಳೆ.

ಇದು ನೀನೇ ತಾನೆ?

ತಲೆ ಆಡಿಸು. ಹೌದು ಅಂದ್ರೆ ಆಡಿಸು, ಅಲ್ಲ ಅಂದ್ರೆ… ಯಾಕೆ ಸುಮ್ಮನಿದೀಯ? ಗುಬ್ಬೀ, ಈ ಬಣ್ಣದ ಚಿತ್ರದಲ್ಲಿರೋದು ನೀನು ತಾನೆ? ಇಷ್ಟು ಸುಲಭದ ಪ್ರಶ್ನೆಗೆ…

ಹಾಂ, ಅದೇ, ಮೌಸ್ ಹಿಡಿ. ಒತ್ತು. ಇಬ್ಬರೂ ಬೇರೆ ಬೇರೆ, ಹೌದು ಅನ್ನೋದನ್ನ ಒತ್ತಬೇಡ, ಅಲ್ಲ ಅನ್ನೋದು ಇಲ್ಲಿ, ಬಲಗಡೆ…

…

ಬೆರಳು.

ಕೈ ತೆಗೀಬೇಡ. ಇರು. ಆ ಕೈ ಹಾಗೇ ಇಡು.

…ಮೊದಲಿಂದ ನೀನೇನಾ?

ಆ ಸ್ವೆಟರ್ ಗುಬ್ಬಿಯದ್ದು. ಸ್ನಾನ ಮಾಡಿ ಬಂದವಳು ನೀನು, ಚಳಿ ಅಂತ ಕೈಗೆ ಸಿಕ್ಕಿದ್ದು ಹಾಕ್ಕೊಂಡೆ. ಆಯ್ತು. ಹಾಗಾದರೆ ಬಾಗಿಲು ಹಾಕಿಕೊಂಡು ಹೋದವಳು ಗುಬ್ಬಿ. ಅವಳ ಮಾತ್ರೆಗೆ ಅವಳೇ ಹೋಗಿದ್ದಾಳೆ. ಸರಿ. ಸರಿಹೋಯ್ತು ಲೆಕ್ಕ.

ತಮಾಷೆಗೆ ಅಂದೆ ಕಣೇ, ಗುಬ್ಬಿ ಅಂತ. ನೀನು ಎಷ್ಟು ಹೊತ್ತು ಸುಮ್ಮನಿರ್ತೀಯ ನೋಡೋಣ ಅಂತ… ನಿನಗೆ ನಗು ಬರುತ್ತೆ ಅಂದ್ಕೊಂಡೆ.

ಕಿಟಕಿಯ ಬೆಳಕು ನಿನ್ನ ಬೆನ್ನಿಗಿದೆ ನೋಡು. ಯಾರಿಗೂ ಗೊತ್ತಾಗಲ್ಲ ಹಾಗೆ ಕೂತರೆ. ಅಲ್ಲಿ ಕೂತ್ಕೋ ಅಂದವನು ನಾನೇ, ಒಪ್ಪಿದೆ, ಆದರೆ ಯಾರಿಗೂ…

ಸುಮ್ಮನಿದೀಯ. ಸುಮ್ಮನಿದ್ದರೆ ಅಲ್ಲ ಅಂತ. ನಾನೇ ಮಾಡಿದ ನಿಯಮ.

ಬಸ್ ಸ್ಟಾಪಿನಲ್ಲಿ ಯೋಚನೆಯಲ್ಲಿದ್ದೆ ಅಂದೆನಲ್ಲ… ಅದೂ ಬೇಡ. ಅದನ್ನ ಈಗ ಬಿಡು.

ಇವಳೇ, ಸ್ವಲ್ಪ ಇತ್ತ ತಿರುಗು. ನೋಡ್ತೀನಿ. ಕಣ್ಣು ಕಾಣಿಸ್ತಿದೆ. ಒದ್ದೆಯಾಗಿದೆ, ಅದೂ ಕಾಣಿಸ್ತಿದೆ. ಮೂಗು, ಮೂಗಿನ ಪಕ್ಕದ ಗೆರೆ, ಗಲ್ಲ. ಒಂದೊಂದೂ ಚೆನ್ನಾಗಿ ಕಾಣುತ್ತೆ ಕಣೇ, ಒಂದೊಂದಾಗಿ. ಎಲ್ಲಾ ಸೇರಿಸಿದರೆ ಯಾರೂ ಆಗಲ್ಲ.

ತಲೆ ಸುತ್ತಿದ ಆ ಬೆಳಿಗ್ಗೆಯಿಂದಲೇ ಹೀಗೆ. ಅವತ್ತು ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಯಿಂದ ಹೊರಗೆ ಬಂದೆನಲ್ಲ, ಉದ್ದದ ಬೆಂಚಿನ ತುಂಬ ಹೆಂಗಸರು ಕೂತಿದ್ದರು. ನಾನು ಬಗ್ಗಿ ಶೂ ಲೇಸು ಕಟ್ಟಿದೆ. ಬಿಚ್ಚಿ ಮತ್ತೆ ಕಟ್ಟಿದೆ. ಎಷ್ಟು ಹೊತ್ತು ಕಟ್ತೀರಿ ಅಂತ ಆಮೇಲೆ ದಾರಿಯುದ್ದ ಬೈದೆಯಲ್ಲ. ನೀನು "ರೀ, ಇಲ್ಲಿದ್ದೀನಿ" ಅಂತ ಕರೆದೆ. ಆಗ ಎದ್ದು ಬಂದೆ. ಕರೆದಿದ್ದಕ್ಕೆ ಬಂದೆ.

ಈಗಲೂ ಹಾಗೆ ಕರಿ. ನಿನ್ನ ಗಂಟಲಿಗೇನೂ ಆಗಿಲ್ಲ. ಬೈಯೋದಾದರೆ ಬೈಯಿ. ಅಡಿಬರಹದವರ ವಿಷಯಕ್ಕೆ ಏನು ಹೇಳಬೇಕೋ ಅದನ್ನೂ ಹೇಳು, ಕೇಳ್ತೀನಿ. ಬೆರಳು ಒಂದೇ ಸಾಲದು ಕಣೇ, ಬೆರಳು ಬರೀ ಬೆರಳು.

ಎದ್ದು ಹೋಗ್ತಿದೀಯಾ?

ಒಂದು ಸಲ "ರೀ" ಅನ್ನು. ಅಷ್ಟೇ. ಆಮೇಲೆ ಹೋಗು.

…ಯಾರು, ಬಾಗಿಲ ಹತ್ತಿರ ನಿಂತಿರೋದು? ನೀನೇನಾ?